ಹೆಪಟೈಟಿಸ್ ಬಿ ಪಾಸಿಟಿವ್ ಬಂದಿದೆ, ಮಾತ್ರೆ ಶುರು ಮಾಡಬೇಕಾ?

ಪ್ರಶ್ನೆ: ನನಗೆ 31 ವರ್ಷ, ಕುಂದಾಪುರದ ಕಡೆಯವನು. ಎರಡು ತಿಂಗಳ ಹಿಂದೆ ಗಲ್ಫ್ ಕೆಲಸಕ್ಕೆಂದು ಮೆಡಿಕಲ್ ಮಾಡಿಸಿದಾಗ ಹೆಪಟೈಟಿಸ್ ಬಿ ಇದೆ ಎಂದು ಅನ್‌ಫಿಟ್ ಮಾಡಿದರು. ಆಮೇಲೆ ಬೇರೆ ಕಡೆ ಪರೀಕ್ಷೆ ಮಾಡಿಸಿದೆ. ಎಚ್‌ಬಿಎಸ್‌ಎಜಿ ರಿಯಾಕ್ಟಿವ್, ಇಂಡೆಕ್ಸ್ 4,100. ಎಚ್‌ಬಿಇಎಜಿ ನೆಗೆಟಿವ್, ಆ್ಯಂಟಿ-ಎಚ್‌ಬಿಇ ಪಾಸಿಟಿವ್. ಡಿಎನ್‌ಎ 3,200 ಐಯು. ಎಸ್‌ಜಿಪಿಟಿ 42, ಎಸ್‌ಜಿಒಟಿ 34, ಪ್ಲೇಟ್‌ಲೆಟ್ 2.2 ಲಕ್ಷ. ಸ್ಕ್ಯಾನಿಂಗ್ ನಾರ್ಮಲ್. ಒಬ್ಬ ಡಾಕ್ಟರು ‘ನೀವು ಬರೀ ಕ್ಯಾರಿಯರ್, ಏನೂ ಬೇಡ’ ಎಂದರು. ಇನ್ನೊಬ್ಬರು ‘ಮಾತ್ರೆ ಶುರು ಮಾಡಿ, ಜೀವನಪೂರ್ತಿ ತಗೊಳ್ಬೇಕು’ ಎಂದರು. ಏಜೆಂಟ್ ಒಬ್ಬರು ನೆಲನೆಲ್ಲಿ ಮದ್ದಿನಲ್ಲಿ ಮೂರು ತಿಂಗಳಿಗೆ ನೆಗೆಟಿವ್ ಮಾಡಿಸಿ ಕೊಡ್ತೇನೆ ಎನ್ನುತ್ತಾರೆ. ಹೆಂಡತಿ ನಾಲ್ಕು ತಿಂಗಳ ಗರ್ಭಿಣಿ. ಇದು ನನಗೆ ಎಲ್ಲಿಂದ ಬಂತು ಎಂದು ಮನೆಯಲ್ಲಿ ಕೇಳುತ್ತಿದ್ದಾರೆ. ಯಾರ ಮಾತು ಕೇಳಲಿ?

ಉತ್ತರ: ಮೊದಲು ನಿಮ್ಮ ಹೆಂಡತಿಯ ವಿಷಯ. ನಿಮ್ಮ ಲಿವರ್‌ಗೆ ಮೂರು ತಿಂಗಳು ಕಾಯುವ ವ್ಯವಧಾನ ಇದೆ. ಅವರ ಪರೀಕ್ಷೆಗೆ ಇಲ್ಲ. ಗರ್ಭಿಣಿಯರಿಗೆ ಮಾಡುವ ರಕ್ತಪರೀಕ್ಷೆಯಲ್ಲಿ, ಹೆಪಟೈಟಿಸ್ ಬಿ ಇದೆಯಾ ಎಂದು ನೋಡುವ ಎಚ್‌ಬಿಎಸ್‌ಎಜಿ ಕೂಡ ಇರುತ್ತದೆ. ತಾಯಿ ಕಾರ್ಡ್ ತೆಗೆದು ಅದರಲ್ಲಿ ಫಲಿತಾಂಶ ಬರೆದಿದ್ದಾರಾ ನೋಡಿ. ಬರೆದಿಲ್ಲ ಎಂದರೆ ಈ ವಾರವೇ ಮಾಡಿಸಿ. ಜೊತೆಗೆ ಆ್ಯಂಟಿ-ಎಚ್‌ಬಿಎಸ್ ಎಂಬ ಪರೀಕ್ಷೆಯನ್ನೂ ಮಾಡಿಸಿ. ಅದು 10 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅವರಿಗೆ ರಕ್ಷಣೆ ಇದೆ ಎಂದರ್ಥ. ಈ ಒಂದು ಪರೀಕ್ಷೆಯಲ್ಲಿ ಮಾತ್ರ ‘ಪಾಸಿಟಿವ್’ ಎಂದರೆ ಒಳ್ಳೆಯ ಸುದ್ದಿ, ಗಾಬರಿ ಆಗಬೇಡಿ.

ಎರಡೂ ನೆಗೆಟಿವ್ ಬಂದರೆ ಅವರಿಗೆ ಲಸಿಕೆ ಹಾಕಿಸಿ. ಇವತ್ತು ಒಂದು, ಒಂದು ತಿಂಗಳಿಗೆ ಇನ್ನೊಂದು, ಆರು ತಿಂಗಳಿಗೆ ಮೂರನೆಯದು. ಗರ್ಭಿಣಿಯರಿಗೂ ಈ ಲಸಿಕೆ ಸುರಕ್ಷಿತ. ರಕ್ಷಣೆ ಬಂದಿದೆ ಎಂದು ಖಾತ್ರಿ ಆಗುವವರೆಗೆ ಕಾಂಡೋಮ್ ಬಳಸಿ.

ಅವರಿಗೂ ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದರೆ ಆಗಲೂ ದಾರಿ ಇದೆ. ಅವರ ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ನೋಡುವ ಡಿಎನ್‌ಎ ಪರೀಕ್ಷೆ ಮಾಡಬೇಕು. ಅದು 2 ಲಕ್ಷ ಐಯುಗಿಂತ ಜಾಸ್ತಿ ಇದ್ದರೆ ಸಾಮಾನ್ಯವಾಗಿ 28ನೇ ವಾರದ ಹೊತ್ತಿಗೆ ಟೆನೊಫೊವಿರ್ ಮಾತ್ರೆ ಶುರು ಮಾಡುತ್ತಾರೆ. ಮಗು ಹುಟ್ಟಿದ ತಕ್ಷಣ ಎರಡು ಇಂಜೆಕ್ಷನ್. ಒಂದು ಲಸಿಕೆ, ಇನ್ನೊಂದು ತಕ್ಷಣದ ರಕ್ಷಣೆ ಕೊಡುವ ಇಮ್ಯುನೊಗ್ಲಾಬ್ಯುಲಿನ್. ಎರಡನ್ನೂ ಬೇರೆ ಬೇರೆ ತೊಡೆಗೆ ಕೊಡುತ್ತಾರೆ. ಆಮೇಲೆ 6, 10, 14ನೇ ವಾರದ ಲಸಿಕೆ ತಪ್ಪಿಸಬಾರದು. ಇಷ್ಟನ್ನು ಹೊತ್ತಿಗೆ ಸರಿಯಾಗಿ ಮಾಡಿದರೆ ಮಗುವಿಗೆ ರೋಗ ದಾಟುವುದು ಬಹಳ ಅಪರೂಪ. ಎದೆಹಾಲು ಧಾರಾಳವಾಗಿ ಕೊಡಬಹುದು.

ಅವರ ಫಲಿತಾಂಶ ಏನೇ ಬರಲಿ, ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಬೀಳಲೇಬೇಕು. ಮನೆಯಲ್ಲಿ ಅಪ್ಪನಿಗೆ ಹೆಪಟೈಟಿಸ್ ಬಿ ಇದೆ ಎಂದು ಹೆರಿಗೆ ಆಸ್ಪತ್ರೆಯಲ್ಲಿ ಮೊದಲೇ ಹೇಳಿಡಿ. ರಾತ್ರಿ ಹೆರಿಗೆ ಆಯ್ತು, ಮರುದಿನ ಭಾನುವಾರ ಅಂತ ಈ ಡೋಸ್ ತಪ್ಪಿಹೋಗಬಾರದು.

ಇನ್ನು ‘ಎಲ್ಲಿಂದ ಬಂತು’ ಎಂಬ ಪ್ರಶ್ನೆ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ, ಯಾಕೆಂದರೆ ಈ ಒಂದು ಪ್ರಶ್ನೆಯಿಂದ ಎಷ್ಟೋ ಸಂಸಾರಗಳಲ್ಲಿ ಸುಮ್ನೆ ಮನಸ್ತಾಪ ಆಗುತ್ತದೆ. ಹೆಪಟೈಟಿಸ್ ಬಿ ವೈರಸ್ ಹುಟ್ಟಿದ ಕೂಸಿಗೆ ತಗುಲಿದರೆ ನೂರಕ್ಕೆ 90 ಮಕ್ಕಳಲ್ಲಿ ಅದು ಉಳಿದುಬಿಡುತ್ತದೆ. ದೊಡ್ಡವರಿಗೆ ತಗುಲಿದರೆ ನೂರಕ್ಕೆ 95 ಜನರಲ್ಲಿ ಕೆಲವು ತಿಂಗಳಲ್ಲಿ ತಾನಾಗಿಯೇ ಹೋಗುತ್ತದೆ. ಹಾಗಾಗಿ 31ನೇ ವಯಸ್ಸಿನಲ್ಲಿ, ಯಾವ ತೊಂದರೆಯೂ ಇಲ್ಲದೆ, ಬರೀ ಮೆಡಿಕಲ್‌ನಲ್ಲಿ ಇದು ಸಿಕ್ಕಿದೆ ಎಂದರೆ ಹೆಚ್ಚಾಗಿ ಹುಟ್ಟುವಾಗ ಅಥವಾ ಚಿಕ್ಕಂದಿನಲ್ಲಿ ಬಂದದ್ದೇ ಇರುತ್ತದೆ. ನಮ್ಮ ದೇಶದಲ್ಲಿ ಈ ಲಸಿಕೆ ಸರ್ಕಾರಿ ಕಾರ್ಯಕ್ರಮದಲ್ಲಿ ಎಲ್ಲ ಕಡೆ ಸಿಗುವಂತಾದದ್ದು 2011ರಲ್ಲಿ. ನೀವು ಹುಟ್ಟಿದಾಗ ಅದು ಇರಲೇ ಇಲ್ಲ. ಇದರಲ್ಲಿ ನಿಮ್ಮ ನಡತೆಯ ಪ್ರಶ್ನೆ ಇಲ್ಲ. ನಿಮ್ಮ ತಾಯಿಯ ತಪ್ಪೂ ಅಲ್ಲ, ಅವರಿಗೇ ಗೊತ್ತಿರಲಿಕ್ಕಿಲ್ಲ. ಆದರೆ ತಾಯಿ, ಅಣ್ಣತಮ್ಮಂದಿರು, ಅಕ್ಕತಂಗಿಯರು ಎಲ್ಲರೂ ಒಮ್ಮೆ ಪರೀಕ್ಷೆ ಮಾಡಿಸಲೇಬೇಕು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರು ಮೂವರಲ್ಲಿ ಇದು ಇರುವುದು ತುಂಬಾ ಸಾಮಾನ್ಯ. ಹಾಗೆ ಕೇಳುವಾಗ ಇನ್ನೊಂದನ್ನೂ ಕೇಳಿ ತಿಳಿದುಕೊಳ್ಳಿ: ಮನೆತನದಲ್ಲಿ ಯಾರಾದರೂ ಲಿವರ್ ಕ್ಯಾನ್ಸರ್‌ನಿಂದ, ಹೊಟ್ಟೆಯಲ್ಲಿ ನೀರು ತುಂಬಿ, ಅಥವಾ ರಕ್ತ ವಾಂತಿ ಆಗಿ ತೀರಿಕೊಂಡಿದ್ದಾರಾ? ಇದರ ಉತ್ತರ ನಿಮ್ಮ ಚಿಕಿತ್ಸೆಯ ನಿರ್ಧಾರವನ್ನೇ ಬದಲಿಸಬಹುದು.

ಈಗ ನಿಮ್ಮ ರಿಪೋರ್ಟ್ ನೋಡೋಣ.

ಎಚ್‌ಬಿಎಸ್‌ಎಜಿ ಎಂದರೆ ವೈರಸ್ಸಿನ ಹೊರಕವಚದ ಪ್ರೋಟೀನು. ಅದು ರಕ್ತದಲ್ಲಿ ಇದೆ ಎಂದರೆ ವೈರಸ್ ಮೈಯಲ್ಲಿದೆ, ಅಷ್ಟೇ. ಎಷ್ಟಿದೆ, ಲಿವರ್‌ಗೆ ಏನು ಮಾಡುತ್ತಿದೆ ಎಂದು ಅದು ಹೇಳುವುದಿಲ್ಲ. 4,100 ಎಂಬ ಇಂಡೆಕ್ಸ್ ನೋಡಿ ನೀವು ಹೆದರಿರಬಹುದು. ಅದು ಮೆಷಿನ್‌ಗೆ ಸಿಕ್ಕ ಸಿಗ್ನಲ್ ಎಷ್ಟು ಜೋರಾಗಿದೆ ಎಂಬ ಲೆಕ್ಕ ಮಾತ್ರ. ವೈರಸ್ಸಿನ ಸಂಖ್ಯೆ ಅಲ್ಲ. ಮುಂದಿನ ಸಲ ಅದು 5,000 ಬಂದರೂ ರೋಗ ಜಾಸ್ತಿ ಆಯ್ತು ಎಂದಲ್ಲ.

ಇದು ಹಳೆಯದಾ, ಹೊಸದಾ? ಆರು ತಿಂಗಳು ದಾಟಿಯೂ ಎಚ್‌ಬಿಎಸ್‌ಎಜಿ ಉಳಿದರೆ ಹಳೆಯದು, ಅಂದರೆ ಕ್ರಾನಿಕ್ ಎನ್ನುತ್ತೇವೆ. ನಿಮಗೆ ಗೊತ್ತಾಗಿ ಎರಡೇ ತಿಂಗಳಾಗಿದೆ. ಆದರೂ ನಿಮ್ಮ ಬೇರೆ ಫಲಿತಾಂಶಗಳು ಹಳೆಯದರ ಹಾಗೇ ಕಾಣುತ್ತವೆ. ಎಸ್‌ಜಿಪಿಟಿ ಎಂದರೆ ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ. ಹೊಸ ಸೋಂಕಿನಲ್ಲಿ ಎಸ್‌ಜಿಪಿಟಿ ಸಾಮಾನ್ಯವಾಗಿ ನೂರುಗಟ್ಟಲೆ, ಕೆಲವೊಮ್ಮೆ ಸಾವಿರ ದಾಟುತ್ತದೆ. ಅನುಮಾನ ಇದ್ದರೆ ಆ್ಯಂಟಿ-ಎಚ್‌ಬಿಸಿ ಐಜಿಎಂ ಪರೀಕ್ಷೆ ಸಾಕು. ಅದು ನೆಗೆಟಿವ್ ಬಂದರೆ ಹಳೆಯದೆಂದು ಹೆಚ್ಚುಕಡಿಮೆ ಖಚಿತ.

ಎಚ್‌ಬಿಇಎಜಿ ಎನ್ನುವುದು ವೈರಸ್ಸಿನ ಇನ್ನೊಂದು ಪ್ರೋಟೀನು. ಅದು ನೆಗೆಟಿವ್ ಇರುವುದನ್ನು ನೋಡಿ ‘ವೈರಸ್ ಮಲಗಿದೆ’ ಎಂದು ಹೇಳುವ ರೂಢಿ ಇದೆ. ಹೆಚ್ಚಿನವರಲ್ಲಿ ಅದು ನಿಜ. ಆದರೆ ಕೆಲವರಲ್ಲಿ ಈ ಪ್ರೋಟೀನನ್ನು ಮಾಡುವುದನ್ನೇ ಬಿಟ್ಟ, ಬದಲಾದ ವೈರಸ್ ಇರುತ್ತದೆ. ಅದು ಇ-ನೆಗೆಟಿವ್ ಆಗಿದ್ದುಕೊಂಡೇ ಲಿವರ್‌ಗೆ ಪೆಟ್ಟು ಕೊಡುತ್ತಿರುತ್ತದೆ. ಅದರ ಒಂದು ಗುಣ ಏನೆಂದರೆ ಏರಿಳಿತ. ಒಂದು ತಿಂಗಳು ಎಲ್ಲ ನಾರ್ಮಲ್, ಇನ್ನೊಂದು ತಿಂಗಳು ಎಸ್‌ಜಿಪಿಟಿ ಮೇಲೆ. ಆದ್ದರಿಂದ ಒಂದೇ ಒಂದು ರಿಪೋರ್ಟ್ ಹಿಡಿದು ‘ಬರೀ ಕ್ಯಾರಿಯರ್’ ಎಂದು ಹಣೆಪಟ್ಟಿ ಹಚ್ಚಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆ ಮಾತು ಕೇಳಿ ಮನೆಗೆ ಹೋದವರು ಎಷ್ಟೋ ಜನ ಹತ್ತು ಹದಿನೈದು ವರ್ಷ ಮತ್ತೆ ಪರೀಕ್ಷೆಯನ್ನೇ ಮಾಡಿಸುವುದಿಲ್ಲ. ಆಮೇಲೆ ಸಿರೋಸಿಸ್, ಅಂದರೆ ಲಿವರ್ ಕಲೆಗಟ್ಟಿ ಗಟ್ಟಿಯಾಗುವ ಕಾಯಿಲೆ, ಆಗಿ ಬರುತ್ತಾರೆ. ಆ ಹಂತದಲ್ಲಿ ನಮ್ಮ ಕೈಲಿ ಮಾಡಲು ಆಗುವುದು ಕಡಿಮೆ, ಅದನ್ನು ನೋಡುವುದು ನಿಜಕ್ಕೂ ಸಂಕಟ.

ಡಿಎನ್‌ಎ ಎನ್ನುವುದು ರಕ್ತದಲ್ಲಿರುವ ವೈರಸ್ಸಿನ ಲೆಕ್ಕ. ನಿಮ್ಮದು ಒಂದು ಮಿಲಿಲೀಟರಿಗೆ 3,200 ಐಯು. ಕೆಲವು ಲ್ಯಾಬ್‌ಗಳು ಕಾಪಿ ಲೆಕ್ಕದಲ್ಲೂ ಕೊಡುತ್ತವೆ. ಒಂದು ಐಯು ಎಂದರೆ ಸುಮಾರು ಐದು ಕಾಪಿ. ಹಾಗಾಗಿ ಮುಂದಿನ ಸಲ ಬೇರೆ ಲ್ಯಾಬಿನಲ್ಲಿ 16,000 ಎಂದು ಬಂದರೆ ಅದು ಇದೇ 3,200 ಆಗಿರಬಹುದು. ಯಾವ ಅಳತೆ ಎಂದು ನೋಡಿಕೊಳ್ಳಿ. ಇನ್ನೊಂದು, ಇಲ್ಲಿ ಹತ್ತು ಪಟ್ಟು ಬದಲಾದರೆ ಮಾತ್ರ ದೊಡ್ಡ ಬದಲಾವಣೆ. 3,200 ಹೋಗಿ 5,000 ಆದರೆ ಅದು ಪರೀಕ್ಷೆಯ ಸಹಜ ಏರುಪೇರು.

ಎಸ್‌ಜಿಪಿಟಿ 42. ನಿಮ್ಮ ಲ್ಯಾಬ್ ಅದರ ಪಕ್ಕದಲ್ಲಿ ನಾರ್ಮಲ್ ಎಂದು ಬರೆದಿರಬಹುದು. ಯಾಕೆಂದರೆ ಹಲವು ಲ್ಯಾಬ್‌ಗಳು 45, 50, ಕೆಲವೊಮ್ಮೆ 55ರವರೆಗೂ ನಾರ್ಮಲ್ ಎಂದು ಅಚ್ಚು ಹಾಕುತ್ತವೆ. ಆದರೆ ಹೆಪಟೈಟಿಸ್ ಬಿ ಇರುವವರಿಗೆ ನಾವು ಆ ಗೆರೆ ನೋಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗಂಡಸರಿಗೆ 30, ಹೆಂಗಸರಿಗೆ 19 ಎಂದು ಗೆರೆ ಹಾಕಿದೆ. ಅಮೆರಿಕದ ಲಿವರ್ ತಜ್ಞರ ಸಂಘದ ಪ್ರಕಾರ 35 ಮತ್ತು 25. ಯಾವ ಲೆಕ್ಕದಲ್ಲಿ ನೋಡಿದರೂ ನಿಮ್ಮ 42 ಸ್ವಲ್ಪ ಮೇಲೆಯೇ ಇದೆ.

ಇಬ್ಬರು ಡಾಕ್ಟರು ಎರಡು ಮಾತು ಹೇಳಿದ್ದು ಯಾಕೆ ಎಂದು ಇಲ್ಲಿ ಗೊತ್ತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯಲ್ಲಿ, ಸಿರೋಸಿಸ್ ಇಲ್ಲದವರಿಗೆ ಡಿಎನ್‌ಎ 20,000 ದಾಟಿ, ಎಸ್‌ಜಿಪಿಟಿಯೂ ಸತತವಾಗಿ ಜಾಸ್ತಿ ಇದ್ದರೆ ಚಿಕಿತ್ಸೆ ಎಂದಿತ್ತು. ಆ ಲೆಕ್ಕದಲ್ಲಿ ನಿಮಗೆ ಮಾತ್ರೆ ಬೇಡ. 2024ರಲ್ಲಿ ಆ ಗೆರೆಯನ್ನು 2,000ಕ್ಕೆ ಇಳಿಸಿದರು. ಈ ಲೆಕ್ಕದಲ್ಲಿ ನೀವು ಗೆರೆಯ ಮೇಲೇ ನಿಂತಿದ್ದೀರಿ. ಹಾಗಾಗಿ ಇಬ್ಬರನ್ನೂ ದೂರುವುದು ಬೇಡ. ಗೆರೆ ಇಳಿಸಿದ್ದು ಒಳ್ಳೆಯದೇ ಆಯಿತು. ಮೊದಲಿನ ನಿಯಮದಲ್ಲಿ ಹೊರಗುಳಿಯುತ್ತಿದ್ದ ಎಷ್ಟೋ ಜನಕ್ಕೆ ಒಳಗೊಳಗೇ ಲಿವರ್ ಹಾಳಾಗುತ್ತಿತ್ತು. ಈಗಿನ ಮಾತ್ರೆಗಳು ಸುರಕ್ಷಿತ, ಬೆಲೆಯೂ ಇಳಿದಿದೆ.

ಆದರೆ 2024ರ ನಿಯಮದಲ್ಲೂ ಒಂದು ಷರತ್ತು ಇದೆ. ಎಸ್‌ಜಿಪಿಟಿ ಆರರಿಂದ ಹನ್ನೆರಡು ತಿಂಗಳ ಒಳಗೆ ಎರಡು ಸಲವಾದರೂ ಜಾಸ್ತಿ ಇರಬೇಕು. ನಿಮ್ಮದು ಒಂದೇ ಸಲ ನೋಡಿದ್ದು. ಎಸ್‌ಜಿಪಿಟಿ ಏರಲು ಬೇರೆ ಕಾರಣಗಳೂ ಇವೆ. ಹೊಟ್ಟೆ ಬಂದಿದೆಯಾ? ಲಿವರ್‌ನಲ್ಲಿ ಕೊಬ್ಬು ಸ್ವಲ್ಪ ಇದ್ದರೆ ಸ್ಕ್ಯಾನಿಂಗ್‌ನಲ್ಲಿ ಕಾಣದೆಯೂ ಇರಬಹುದು. ಕುಡಿಯುತ್ತೀರಾ? ಜಿಮ್‌ನವರು ಕೊಟ್ಟ ಪೌಡರ್, ನಾಟಿ ಮದ್ದು ಏನಾದರೂ ತಗೊಂಡಿದ್ದೀರಾ? ಇವೆಲ್ಲ ನೋಡಬೇಕು.

ನಾರ್ಮಲ್ ಸ್ಕ್ಯಾನಿಂಗ್ ನೋಡಿ ಪೂರ್ತಿ ನಿರಾಳ ಆಗಬೇಡಿ. ಮಾಮೂಲಿ ಸ್ಕ್ಯಾನಿಂಗ್‌ಗೆ ಗಂಟು ಕಾಣುತ್ತದೆ, ಮುಂದುವರಿದ ಸಿರೋಸಿಸ್ ಕಾಣುತ್ತದೆ. ಲಿವರ್ ಒಳಗೆ ಶುರುವಾದ ಗಾಯದ ಕಲೆ, ಅಂದರೆ ಫೈಬ್ರೋಸಿಸ್, ಕಾಣುವುದಿಲ್ಲ. ಅದಕ್ಕೆ ಫೈಬ್ರೋಸ್ಕ್ಯಾನ್ ಬೇಕು. ನೋವಿಲ್ಲ, ಸೂಜಿ ಇಲ್ಲ, ಹತ್ತು ನಿಮಿಷದ ಕೆಲಸ. ಮೂರು ಗಂಟೆ ಏನೂ ತಿನ್ನದೆ ಹೋಗಬೇಕು. ಅದು ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಕೆಪಿಎ ಲೆಕ್ಕದಲ್ಲಿ ಹೇಳುತ್ತದೆ. 7 ದಾಟಿದರೆ ಕಲೆ ಗಣನೀಯವಾಗಿದೆ ಎಂದರ್ಥ. 12.5 ದಾಟಿದರೆ ಸಿರೋಸಿಸ್ ಇರಬಹುದು. ಹತ್ತಿರದಲ್ಲಿ ಫೈಬ್ರೋಸ್ಕ್ಯಾನ್ ಇಲ್ಲದವರಿಗೆ ಎಪಿಆರ್‌ಐ ಎಂಬ ಲೆಕ್ಕ ಇದೆ. ಎಸ್‌ಜಿಒಟಿಯನ್ನು ಅದರ ಮೇಲ್ಮಿತಿಯಿಂದ ಭಾಗಿಸಿ, ನೂರರಿಂದ ಗುಣಿಸಿ, ಸಾವಿರದ ಲೆಕ್ಕದಲ್ಲಿರುವ ಪ್ಲೇಟ್‌ಲೆಟ್‌ನಿಂದ ಭಾಗಿಸಬೇಕು. ನಿಮ್ಮ 34ನ್ನು 40ರಿಂದ ಭಾಗಿಸಿ, ನೂರರಿಂದ ಗುಣಿಸಿದರೆ 85. ಅದನ್ನು 220ರಿಂದ ಭಾಗಿಸಿದರೆ 0.39. ಚಿಕಿತ್ಸೆಯ ಗೆರೆ 0.5. ಸದ್ಯಕ್ಕೆ ಕೆಳಗಿದ್ದೀರಿ, ಇದು ಸಮಾಧಾನದ ವಿಷಯ. ಆದರೆ ಇದು ಒರಟು ಲೆಕ್ಕ. ಸಾಧ್ಯವಾದರೆ ಫೈಬ್ರೋಸ್ಕ್ಯಾನ್ ಮಾಡಿಸಿಬಿಡಿ.

ನನ್ನ ಸಲಹೆ ಇಷ್ಟು. ಇವತ್ತೇ ಮಾತ್ರೆ ಶುರು ಮಾಡುವ ತುರ್ತು ನಿಮಗೆ ಇಲ್ಲ. ಈ ತಿಂಗಳು ಫೈಬ್ರೋಸ್ಕ್ಯಾನ್, ಎಚ್‌ಐವಿ, ಹೆಪಟೈಟಿಸ್ ಸಿ, ಹೆಪಟೈಟಿಸ್ ಡಿ, ಸಕ್ಕರೆ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಮೂರು ತಿಂಗಳಿಗೆ ಎಸ್‌ಜಿಪಿಟಿ ಮತ್ತು ಡಿಎನ್‌ಎ ಮತ್ತೆ ನೋಡಿ. ಎರಡನೇ ಸಲವೂ ಎಸ್‌ಜಿಪಿಟಿ 30ರ ಮೇಲೆ, ಡಿಎನ್‌ಎ 2,000ದ ಮೇಲೆ ಬಂದರೆ ಶುರು ಮಾಡಿ. ಫೈಬ್ರೋಸ್ಕ್ಯಾನ್ 7 ದಾಟಿದ್ದರೆ, ಅಥವಾ ಮನೆತನದಲ್ಲಿ ಲಿವರ್ ಕ್ಯಾನ್ಸರ್, ಸಿರೋಸಿಸ್ ಇದ್ದರೆ, ಮೂರು ತಿಂಗಳು ಕಾಯುವುದೂ ಬೇಡ. ನಿಮಗೆ ಶುಗರ್ ಇರುವುದು ಗೊತ್ತಾದರೂ ಹಾಗೆಯೇ. ಎಲ್ಲವೂ ಇಳಿದರೆ ಮೊದಲ ವರ್ಷ ಮೂರ್ನಾಲ್ಕು ತಿಂಗಳಿಗೊಮ್ಮೆ, ಆಮೇಲೆ ಆರು ತಿಂಗಳಿಗೊಮ್ಮೆ ಎಸ್‌ಜಿಪಿಟಿ, ವರ್ಷಕ್ಕೊಮ್ಮೆ ಡಿಎನ್‌ಎ. ಇದನ್ನು ಬಿಡುವ ಹಾಗಿಲ್ಲ.

ಮಾತ್ರೆಗಳ ವಿಷಯ. ಈಗ ಬಳಸುವುದು ಮುಖ್ಯವಾಗಿ ಮೂರು. ಟೆನೊಫೊವಿರ್ ಡೈಸೊಪ್ರಾಕ್ಸಿಲ್ 300 ಮಿಲಿಗ್ರಾಂ, ಟೆನೊಫೊವಿರ್ ಅಲಾಫೆನಮೈಡ್ 25 ಮಿಲಿಗ್ರಾಂ, ಎಂಟೆಕಾವಿರ್ 0.5 ಮಿಲಿಗ್ರಾಂ. ದಿನಕ್ಕೆ ಒಂದೇ ಮಾತ್ರೆ. ಮೊದಲನೆಯದು ಹಳೆಯದು, ಅಗ್ಗ, ಗರ್ಭಿಣಿಯರಿಗೂ ಕೊಡಬಹುದು. ಆದರೆ ಕೆಲವರಲ್ಲಿ ಕಿಡ್ನಿ ಮತ್ತು ಮೂಳೆಗೆ ಸ್ವಲ್ಪ ತೊಂದರೆ ಮಾಡುತ್ತದೆ. ಹಾಗಾಗಿ ಕ್ರಿಯಾಟಿನಿನ್ ಆಗಾಗ ನೋಡಬೇಕು. ಎರಡನೆಯದರಲ್ಲಿ ಆ ತೊಂದರೆ ಕಡಿಮೆ. ವಯಸ್ಸಾದವರಿಗೆ, ಕಿಡ್ನಿ ದುರ್ಬಲ ಇರುವವರಿಗೆ ಅದು ಒಳ್ಳೆಯದು. ಎಂಟೆಕಾವಿರ್ ಅನ್ನು ಖಾಲಿ ಹೊಟ್ಟೆಯಲ್ಲಿ ತಗೊಳ್ಳಬೇಕು, ಊಟದಿಂದ ಎರಡು ಗಂಟೆ ದೂರ. ಹಿಂದೆ ಕೊಡುತ್ತಿದ್ದ ಲ್ಯಾಮಿವುಡಿನ್ ಒಂದನ್ನೇ ಈಗ ಯಾರಾದರೂ ಬರೆದುಕೊಟ್ಟರೆ ಯಾಕೆ ಎಂದು ಕೇಳಿ. ಐದು ವರ್ಷದೊಳಗೆ ಹೆಚ್ಚಿನವರಲ್ಲಿ ವೈರಸ್ ಅದಕ್ಕೆ ಬಗ್ಗದಂತೆ ಬದಲಾಗಿಬಿಡುತ್ತದೆ. ಪೆಗ್ ಇಂಟರ್‌ಫೆರಾನ್ ಎಂಬ ಇಂಜೆಕ್ಷನ್ ಕೂಡ ಇದೆ, ವಾರಕ್ಕೊಂದರಂತೆ 48 ವಾರ. ಜ್ವರ, ಸುಸ್ತು, ಮನಸ್ಸು ಕುಗ್ಗುವುದು ಹೀಗೆ ಅಡ್ಡಪರಿಣಾಮ ಜಾಸ್ತಿ. ನಿಮ್ಮಂಥವರಿಗೆ ನಾನು ಅದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ.

ಈ ಮಾತ್ರೆಗಳಿಂದ ಡಿಎನ್‌ಎ ಹೆಚ್ಚಿನವರಲ್ಲಿ ಒಂದೆರಡು ವರ್ಷದೊಳಗೆ ಲೆಕ್ಕಕ್ಕೆ ಸಿಗದಷ್ಟು ಇಳಿಯುತ್ತದೆ. ಲಿವರ್ ಕಲೆ ನಿಲ್ಲುತ್ತದೆ, ಎಷ್ಟೋ ಜನರಲ್ಲಿ ಹಿಂದಕ್ಕೂ ಸರಿಯುತ್ತದೆ. ಕ್ಯಾನ್ಸರ್ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಆದರೆ ಎಚ್‌ಬಿಎಸ್‌ಎಜಿ ಮಾತ್ರ ಬಹುಪಾಲು ಜನರಲ್ಲಿ ಪಾಸಿಟಿವ್ ಆಗಿಯೇ ಉಳಿಯುತ್ತದೆ. ಕಾರಣ ಇದು: ವೈರಸ್ ತನ್ನ ಮೂಲಪ್ರತಿಯನ್ನು ಲಿವರ್ ಕೋಶದ ಒಳಗಿನ ನ್ಯೂಕ್ಲಿಯಸ್‌ನಲ್ಲಿ ಇಟ್ಟುಬಿಟ್ಟಿರುತ್ತದೆ. ಮಾತ್ರೆ ಹೊಸ ಪ್ರತಿ ಆಗುವುದನ್ನು ತಡೆಯುತ್ತದೆ, ಆ ಮೂಲಪ್ರತಿಯನ್ನು ಮುಟ್ಟುವುದಿಲ್ಲ. ಗದ್ದೆಯ ಬದುವಿನ ಗರಿಕೆಯನ್ನು ಮೇಲಿಂದ ಕೊಯ್ದರೆ ಬೇರು ಉಳಿಯುತ್ತದಲ್ವಾ, ಹಾಗೆ. ಅದಕ್ಕೇ ವರ್ಷಗಟ್ಟಲೆ ಮಾತ್ರೆ ತಗೊಳ್ಳುವುದು. ಅದಕ್ಕೇ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಲೂಬಾರದು. ತಟ್ಟನೆ ಬಿಟ್ಟರೆ ವೈರಸ್ ಒಮ್ಮೆಲೇ ಏರಿ, ಲಿವರ್ ಕೈಕೊಟ್ಟು ಐಸಿಯು ಸೇರಿದವರು, ಜೀವ ಕಳೆದುಕೊಂಡವರು ಇದ್ದಾರೆ. ಖರ್ಚಿನ ಕಾರಣಕ್ಕಂತೂ ನಿಲ್ಲಿಸಬೇಡಿ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ ಮತ್ತು ಮಾತ್ರೆ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

ಈಗ ನೆಲನೆಲ್ಲಿ. ನಮ್ಮ ಕಡೆ ಕಾಮಾಲೆ ಎಂದ ಕೂಡಲೇ ನೆನಪಾಗುವ ಗಿಡ ಅದು, ನಂಬಿಕೆ ಇರುವುದು ಸಹಜ. ಇದರ ಹಿಂದೆ ಒಂದು ನಿಜವಾದ ಕತೆಯೂ ಇದೆ. 1988ರಲ್ಲಿ ಮದರಾಸಿನ ವೈದ್ಯ ವಿಜ್ಞಾನಿಗಳು ನೆಲನೆಲ್ಲಿಯ ಪುಡಿಯನ್ನು 30 ದಿನ ಕೊಟ್ಟು ನೋಡಿ, ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಬರೆದರು. 37 ಜನರಲ್ಲಿ 22 ಜನಕ್ಕೆ ಎಚ್‌ಬಿಎಸ್‌ಎಜಿ ಹೋಯಿತು ಎಂದಿತ್ತು. ಆ ವರದಿಯಲ್ಲಿ ಬರೂಚ್ ಬ್ಲುಂಬರ್ಗ್ ಅವರ ಹೆಸರೂ ಇತ್ತು. ಈ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪಡೆದವರು ಅವರೇ. ಪ್ರಪಂಚವೇ ಆಸೆಯಿಂದ ನೋಡಿತು. ಆಮೇಲೆ ಥಾಯ್ಲೆಂಡ್ ಸೇರಿ ಬೇರೆ ಕಡೆ ಅದೇ ಪ್ರಯೋಗ ಮಾಡಿದಾಗ ಆ ಫಲಿತಾಂಶ ಸಿಗಲಿಲ್ಲ. ಅಂದಿನಿಂದ ಇಂದಿನವರೆಗೆ ಇದರಿಂದ ಎಚ್‌ಬಿಎಸ್‌ಎಜಿ ಹೋಗುತ್ತದೆ ಎಂದು ನಂಬುವಂಥ ಸಾಕ್ಷಿ ಬಂದಿಲ್ಲ. ಕಾಮಾಲೆ ಮದ್ದಿಗೆ ಹೆಸರು ಬಂದದ್ದಕ್ಕೆ ಕಾರಣ ಬೇರೆ. ನಮ್ಮಲ್ಲಿ ಬರುವ ಕಾಮಾಲೆಯಲ್ಲಿ ತುಂಬಾ ಪಾಲು ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ. ಅವು ಹೆಚ್ಚಾಗಿ ತಾನಾಗಿಯೇ ವಾಸಿಯಾಗುತ್ತವೆ. ನಿಮ್ಮದು ಆ ಜಾತಿಯದಲ್ಲ. ಏಜೆಂಟ್ ಕೊಡುವ ಪೊಟ್ಟಣದಲ್ಲಿ ಬರೀ ನೆಲನೆಲ್ಲಿ ಇದೆ ಎಂದು ಯಾರು ಹೇಳಬೇಕು? ಬೇರೆ ಬೇರು, ಭಸ್ಮ ಸೇರಿದ ಮದ್ದು ತಿಂದು ಲಿವರ್ ಕೆಡಿಸಿಕೊಂಡವರು ನಮ್ಮ ವಾರ್ಡಿಗೆ ಬರುತ್ತಲೇ ಇರುತ್ತಾರೆ. ದಯವಿಟ್ಟು ಆ ದಾರಿ ಬೇಡ.

ಗಲ್ಫ್ ಕೆಲಸದ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಅದೇ ಇದೆ ಎಂದು ಗೊತ್ತು. ಮಾತ್ರೆ ತಗೊಂಡು ಡಿಎನ್‌ಎ ಸೊನ್ನೆಯಾದರೂ ಆ ಮೆಡಿಕಲ್‌ನಲ್ಲಿ ನೋಡುವುದು ಎಚ್‌ಬಿಎಸ್‌ಎಜಿ. ಅದು ಪಾಸಿಟಿವ್ ಬರುತ್ತದೆ. ಆದ್ದರಿಂದ ಆ ವೀಸಾಕ್ಕಾಗಿ ಚಿಕಿತ್ಸೆ ಶುರು ಮಾಡಬೇಡಿ, ಆ ವೀಸಾ ಸಿಗಲಿಲ್ಲವೆಂದು ಚಿಕಿತ್ಸೆ ಬಿಡಲೂಬೇಡಿ. ಬೇರೆಯವರ ರಕ್ತ ಕೊಟ್ಟು ಪಾಸ್ ಮಾಡಿಸುತ್ತೇವೆ ಎನ್ನುವವರೂ ಇದ್ದಾರೆ. ಅಲ್ಲಿ ಇಳಿದ ಮೇಲೆ ಮತ್ತೆ ಪರೀಕ್ಷೆ ಆಗಿ ವಾಪಸ್ ಕಳಿಸಿದರೆ ಮಾಡಿದ ಸಾಲ ನಿಮ್ಮ ತಲೆ ಮೇಲೆ ಉಳಿಯುತ್ತದೆ. ಕೆಲಸ ಮಾಡಲು ಬೇಕಾದ ಶಕ್ತಿಯನ್ನು ಈ ರೋಗ ನಿಮ್ಮಿಂದ ಕಸಿದಿಲ್ಲ. ಊರಲ್ಲಿ, ಬೆಂಗಳೂರಿನಲ್ಲಿ, ಈ ನಿಯಮ ಇಲ್ಲದ ಬೇರೆ ದೇಶದಲ್ಲಿ ನೀವು ಯಾವ ಕೆಲಸವನ್ನೂ ಮಾಡಬಹುದು. ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆರೋಗ್ಯವಾಗಿರುವ ಮನುಷ್ಯನಿಗೆ ಒಂದು ಚೀಟಿಯಲ್ಲಿ ಅನ್‌ಫಿಟ್ ಎಂದು ಬರೆಯುವ ಈ ನಿಯಮ ಅನ್ಯಾಯದ್ದು ಎಂದೇ ನಾನು ನಂಬಿದ್ದೇನೆ.

ಮನೆಯಲ್ಲಿ ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡುವ ಅಗತ್ಯ ಇಲ್ಲ. ಒಟ್ಟಿಗೆ ಊಟ ಮಾಡಿ, ಮಗುವನ್ನು ಎತ್ತಿ ಮುದ್ದಾಡಿ. ರೇಜರ್, ಹಲ್ಲುಜ್ಜುವ ಬ್ರಷ್, ಉಗುರು ಕತ್ತರಿ ಮಾತ್ರ ನಿಮ್ಮದು ನಿಮಗೇ ಇರಲಿ. ರಕ್ತದಾನ ಮಾಡಬೇಡಿ. ಮೀನು, ಎಣ್ಣೆ, ಅರಿಶಿನ ಬಿಡುವ ಪಥ್ಯ ಬೇಕಿಲ್ಲ. ಕುಡಿತ ಪೂರ್ತಿ ಬಿಡಿ, ಸ್ವಲ್ಪವೂ ಬೇಡ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಶೇಂಗಾ ಬಿಸಾಡಿ. ಅದರಲ್ಲಿ ಬೆಳೆಯುವ ಅಫ್ಲಟಾಕ್ಸಿನ್ ಎಂಬ ವಿಷ ಹೆಪಟೈಟಿಸ್ ಬಿ ಇರುವವರಲ್ಲಿ ಲಿವರ್ ಕ್ಯಾನ್ಸರ್ ಅಪಾಯವನ್ನು ಹಲವು ಪಟ್ಟು ಏರಿಸುತ್ತದೆ. 40 ದಾಟಿದ ಮೇಲೆ ಆರು ತಿಂಗಳಿಗೊಮ್ಮೆ ಹೊಟ್ಟೆ ಸ್ಕ್ಯಾನಿಂಗ್ ಮಾಡಿಸಿ. ಸಿರೋಸಿಸ್ ಇದ್ದರೆ, ಮನೆತನದಲ್ಲಿ ಲಿವರ್ ಕ್ಯಾನ್ಸರ್ ಇದ್ದರೆ ಈಗಿನಿಂದಲೇ.

ಕೊನೆಯದಾಗಿ, ಹೆಚ್ಚಿನವರು ಮರೆಯುವ ಒಂದು ವಿಷಯ. ಮುಂದೆ ಯಾವ ಕಾಯಿಲೆಗೇ ಆಗಲಿ ಸ್ಟೀರಾಯ್ಡ್, ಕೀಮೋಥೆರಪಿ, ಸಂಧಿವಾತದ ಇಂಜೆಕ್ಷನ್, ಟಿಬಿ ಮಾತ್ರೆ ಕೊಡುವ ಮೊದಲು ನಿಮಗೆ ಹೆಪಟೈಟಿಸ್ ಬಿ ಇದೆ ಎಂದು ಡಾಕ್ಟರಿಗೆ ಹೇಳಿ. ಟಿಬಿ ಮಾತ್ರೆ ಲಿವರ್‌ಗೆ ಭಾರ, ಹತ್ತಿರದಿಂದ ನೋಡಿಕೊಳ್ಳಬೇಕು. ಉಳಿದವು ಅಡಗಿದ ವೈರಸ್ಸನ್ನು ಕೆರಳಿಸಬಹುದು. ಅಂಥ ಹೊತ್ತಿನಲ್ಲಿ ಡಿಎನ್‌ಎ ಕಡಿಮೆ ಇದ್ದರೂ ಮುಂಚಿತವಾಗಿ ಟೆನೊಫೊವಿರ್ ಅಥವಾ ಎಂಟೆಕಾವಿರ್ ಶುರು ಮಾಡಬೇಕಾಗುತ್ತದೆ.